ದಂಡೆಗೆ ಚೆಲ್ಲುವ ಜಿಲೇಬಿ ಮೀನು

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಾನಗಲ್ಲ ಸುತ್ತಿನ ಕೆರೆಗಳಲ್ಲಿ ಬಲೆ ಎಳೆಯುವುದನ್ನು ನಾನು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಬಲೆ ದಂಡೆಗೆ ಬಂದ ಕೂಡಲೇ ಕಾಟ್ಲಾ, ರೋಹು, ಗೆಂಡೆಗಳನ್ನು ಬುಟ್ಟಿಗೆ ಆರಿಸಿ ತಕ್ಕಡಿಗೆ ಒಯ್ಯುತ್ತಾರೆ. ತಳದಲ್ಲಿ ಉಳಿಯುವ ಅಂಗೈ ಅಗಲದ, ಬೂದುಗಪ್ಪು ಬಣ್ಣದ ಜಿಲೇಬಿ ಮೀನುಗಳನ್ನು ಮಾತ್ರ ಝಾಡಿಸಿ ನೆಲಕ್ಕೆ ಚೆಲ್ಲುತ್ತಾರೆ. ಈ ಸಲವೂ ಹಾಗೆಯೇ ಆಯಿತು. ಮಧ್ಯಾಹ್ನದ ಹೊತ್ತಿಗೆ ಎರಡು ಬುಟ್ಟಿಯಷ್ಟು ಮೀನು ಬಿಸಿಲಿಗೆ ನಾರತೊಡಗಿತ್ತು. ಅಷ್ಟು ಕೆಡುವ ಮೊದಲೇ ಎರಡು ಕಿಲೋ ತೂಗಿ ಕೊಡಿರೆಂದು ನಾನು ಕೇಳಿದಾಗ ಬಲೆಯವರೊಬ್ಬರು ನಕ್ಕು, “ಇದನ್ನ ಯಾರ ತಿಂತಾರ್ರಿ ಮಾಸ್ತರ, ಬರೇ ಕೆಸರ ವಾಸನಿ. ರೊಕ್ಕ ಬ್ಯಾಡ, ಹಂಗ ಒಯ್ರಿ” ಎಂದರು. ರೊಕ್ಕ ಬೇಡವೆಂದದ್ದು ಅವರ ದೊಡ್ಡತನ. ಆದರೆ ಆ ಮೀನಿಗೆ ಬೆಲೆಯೇ ಇಲ್ಲವೆಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಅದಕ್ಕಾಗಿಯೇ ಈ ಪತ್ರ.

ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ ನಮ್ಮ ನೀರಿನ ಮೀನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದರ ಮೂಲ ಆಫ್ರಿಕಾದ ಆಗ್ನೇಯ ಭಾಗ. 1952ರಲ್ಲಿ ಭಾರತಕ್ಕೆ ತಂದ ಈ ಮೀನನ್ನು ಎಲ್ಲೆಡೆ ಹಬ್ಬಿಸಬಾರದೆಂದು ಏಳೇ ವರ್ಷಗಳಲ್ಲಿ, ಅಂದರೆ 1959ರಲ್ಲಿ, ನಿರ್ಬಂಧ ಹೇರಬೇಕಾಯಿತು. ಕಾರಣ ಸ್ಪಷ್ಟವಿದೆ. ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. ಆದ್ದರಿಂದಲೇ ಕೆರೆಗೆ ಮತ್ತೆ ಮತ್ತೆ ಮರಿ ತಂದು ಬಿತ್ತಬೇಕಾಗುತ್ತದೆ. ಜಿಲೇಬಿಗೆ ಆ ಹಂಗಿಲ್ಲ. ಎರಡು ಮೂರು ತಿಂಗಳಿಗೇ ಬಲಿತು, ವರ್ಷಕ್ಕೆ ಹಲವು ಸಲ ಮೊಟ್ಟೆಯಿಟ್ಟು, ತಾಯಿಮೀನು ಆ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಅದರ ಸಂತತಿ ಬೇಗ ಹೆಚ್ಚುತ್ತದೆ. ಹೆಚ್ಚಿದಷ್ಟೂ ಮೇವು ಸಾಲದೆ ಎಲ್ಲವೂ ಗಿಡ್ಡವಾಗಿ ಉಳಿಯುತ್ತವೆ, ಬಿತ್ತಿದ ಮರಿಗಳ ಪಾಲನ್ನೂ ಕಸಿಯುತ್ತವೆ. ಹಾಗಾಗಿ ಜಿಲೇಬಿಯನ್ನು ಯಾರೂ ಹೊಸ ಕೆರೆಗೆ ಬಿಡಬಾರದು. ಆದರೆ ಇರುವುದನ್ನು ಹಿಡಿದು ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. (ಜಿಲೇಬಿಯನ್ನೂ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಮೀಸೆಯ, ಹುರುಪೆ ಇಲ್ಲದ ಬೇರೆ ಮೀನು.) ಹೊಲದ ಕಳೆಯಾದ ಹಕ್ಕರಕಿಯನ್ನು ಕಿತ್ತು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ನಾವು ಕೆರೆಯ ಕಳೆಯ ಬಗ್ಗೆ ಮಾತ್ರ ಇಷ್ಟೊಂದು ಮಡಿವಂತರಾಗಿರುವುದು ನನಗೆ ಅರ್ಥವಾಗುವುದಿಲ್ಲ.

ಇನ್ನು ವಾಸನೆಯ ಮಾತು. ಕೆಸರಿನ ವಾಸನೆ ಬರುವುದು ನಿಜವೇ, ಆದರೆ ಅದು ಮೀನಿನ ಜಾತಿಗೆ ಅಂಟಿದ ದೋಷವಲ್ಲ. ಕೆರೆಯ ಪಾಚಿಯಂಥ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಹುಟ್ಟಿಸುತ್ತವೆ, ಅದು ನೀರಿನಿಂದ ಮೀನಿನ ಕೊಬ್ಬಿಗೆ ಸೇರುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಬೆಳೆದರೆ ಕಾಟ್ಲಾಕ್ಕೂ ಅದೇ ವಾಸನೆ. ಮೊದಲ ಮಳೆ ಬಿದ್ದಾಗ ಎರೆನೆಲದಿಂದ ಏಳುವ ಪರಿಮಳದಲ್ಲಿ ಇರುವುದೂ ಇದೇ ಜಿಯೋಸ್ಮಿನ್. ಅಲ್ಲಿ ಮೂಗರಳಿಸುವವರು ತಟ್ಟೆಯಲ್ಲಿ ಮೂಗು ಮುರಿಯುತ್ತಾರೆ. ಹುಳಿಗೆ ಈ ವಸ್ತು ನಿಲ್ಲುವುದಿಲ್ಲ. ಜೀವಂತ ಮೀನು ಸಿಕ್ಕರೆ, ಮೇವು ಹಾಕದೆ ಎರಡು ಮೂರು ದಿನ ತಿಳಿನೀರಿನ ತೊಟ್ಟಿಯಲ್ಲಿ ಬಿಟ್ಟು, ನೀರು ಬದಲಿಸುತ್ತಿದ್ದರೂ ವಾಸನೆ ಬಹುಮಟ್ಟಿಗೆ ಇಳಿಯುತ್ತದೆ.

ನಾನು ಸಾಮಾನ್ಯವಾಗಿ, ಗುತ್ತಿಗೆದಾರರನ್ನು ಕೇಳಿಕೊಂಡು, ಗಾಳದಿಂದಲೇ ಹಿಡಿಯುತ್ತೇನೆ. ಇದಕ್ಕೆ ದೊಡ್ಡ ಸಲಕರಣೆ ಬೇಡ: ಬಿದಿರಿನ ಕೋಲು, ಸಣ್ಣ ಗಾಳ, ಒಂದು ಬೆಂಡು, ಎರೆಹುಳು ಇಲ್ಲವೇ ಬಿಗಿಯಾಗಿ ನಾದಿದ ಜೋಳದ ಹಿಟ್ಟು. ಜಿಲೇಬಿ ಆಳದ ಮೀನಲ್ಲ. ದಂಡೆಯ ಹತ್ತಿರ ಮೊಣಕಾಲುದ್ದದ ನೀರಿನಲ್ಲಿ, ತಳದ ಮಣ್ಣಿನಲ್ಲಿ ತಟ್ಟೆಯಂಥ ಗುಂಡನೆಯ ಕುಳಿಗಳು ಕಂಡರೆ ಅವು ಗಂಡುಮೀನು ಮಾಡಿದ ಗೂಡುಗಳು. ಆ ಕಾಲಕ್ಕೆ ಗಂಡು ಕಪ್ಪಾಗಿ, ರೆಕ್ಕೆಯಂಚು ಕೆಂಪಾಗಿ, ಕುಳಿಯ ಹತ್ತಿರ ಬಂದದ್ದರ ಮೇಲೆಲ್ಲ ಏರಿ ಹೋಗುತ್ತದೆ. ಬಾಯಿ ಚಿಕ್ಕದಾದ್ದರಿಂದ ಬೆಂಡು ಮುಳುಗುವುದಿಲ್ಲ, ಸ್ವಲ್ಪ ನಡುಗುತ್ತದೆ ಅಷ್ಟೇ, ಆಗಲೇ ಎಳೆಯಬೇಕು. ಗಾಳ ಬಿಡಿಸುವಾಗ ಅಂಗೈಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿ ಬೆನ್ನಿನ ಮುಳ್ಳುಗಳನ್ನು ಮಲಗಿಸಿ ಹಿಡಿಯದಿದ್ದರೆ ಕೈ ರಕ್ತವಾಗುತ್ತದೆ. ನನಗೆ ಅನುಭವವಿದೆ.

ನಮ್ಮ ಮನೆಯಲ್ಲಿ ಮೊದಮೊದಲು “ಮತ್ತ ಅದನ್ನ ತಂದ್ರೇನು?” ಎನ್ನುವ ಸ್ವಾಗತವೇ ಸಿಗುತ್ತಿತ್ತು. ತಪ್ಪು ನಮ್ಮದೇ ಆಗಿತ್ತು, ಏಕೆಂದರೆ ನಾವು ಹುರುಪೆ ತೆಗೆದು, ಕರುಳು ಕಿತ್ತು, ಅಷ್ಟಕ್ಕೇ ಬಿಡುತ್ತಿದ್ದೆವು. ಜಿಲೇಬಿಯ ಹೊಟ್ಟೆಯ ಒಳಮೈಗೆ ಕಾಡಿಗೆಯಂಥ ಕಪ್ಪು ಪೊರೆ ಅಂಟಿರುತ್ತದೆ. ಅದನ್ನು ಚಾಕುವಿನ ಮೊನೆಯಿಂದಲೋ ಒರಟು ಉಪ್ಪಿನಿಂದಲೋ ಪೂರ್ತಿ ಉಜ್ಜಿ ತೆಗೆಯಬೇಕು, ಕಿವಿರನ್ನು ಬಿಡದೆ ಕೀಳಬೇಕು. ಆಮೇಲೆ ಉಪ್ಪು, ಅರಿಸಿನ, ಗಟ್ಟಿ ಹುಣಸೆರಸ ಸವರಿ ಅರ್ಧ ಗಂಟೆ ಇಟ್ಟು ತೊಳೆದರೆ ಕೆಸರಿನ ಸುಳಿವು ಇರುವುದಿಲ್ಲ. ಎರಡೂ ಮಗ್ಗುಲಿಗೆ ಮೂರು ಮೂರು ಗೀರು ಹಾಕಿ, ನೆನೆಸಿದ ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಕೊತ್ತಂಬರಿ ಬೀಜ ಅರೆದು ಗೀರಿನೊಳಗೆ ತುಂಬಿ, ರವೆಯಲ್ಲಿ ಹೊರಳಿಸಿ, ಶೇಂಗಾ ಎಣ್ಣೆಯಲ್ಲಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯಿಸುತ್ತೇವೆ. ಬ್ಯಾಡಗಿಯೇ ಏಕೆಂದರೆ ಅದು ಬಣ್ಣ ಕೊಟ್ಟು ಖಾರದಲ್ಲಿ ತಗ್ಗಿ ನಡೆಯುತ್ತದೆ, ಈ ಮೀನಿನ ಮೆತ್ತನೆಯ ಬಿಳಿ ಮಾಂಸವನ್ನು ಮುಚ್ಚಿಹಾಕುವುದಿಲ್ಲ. ಸಾರು ಮಾಡುವುದಾದರೆ ಉಳ್ಳಾಗಡ್ಡಿಯನ್ನೂ ಒಣಕೊಬ್ಬರಿಯನ್ನೂ ಸುಟ್ಟು ಅರೆದು, ಹುಣಸೆಹುಳಿ ಒಂದು ಕೈ ಮುಂದಾಗಿಯೇ ಹಾಕಿ, ಕುದಿ ಬಂದ ಮೇಲೆ ಮೀನು ಬಿಟ್ಟು ಹತ್ತು ನಿಮಿಷಕ್ಕೆ ಇಳಿಸಬೇಕು.

ಇನ್ನೊಂದು ಗುಣವನ್ನು ಮಕ್ಕಳಿರುವ ಮನೆಯವರು ಗಮನಿಸಬೇಕು. ಕಾಟ್ಲಾ, ರೋಹುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಹುದುಗಿರುತ್ತವೆ, ಅವು ಗಂಟಲಿಗೆ ಅಪಾಯ. ಜಿಲೇಬಿಯಲ್ಲಿ ಅಂಥ ಮುಳ್ಳು ಇಲ್ಲ. ನಡುವಿನ ಮೂಳೆಯನ್ನೂ ಪಕ್ಕೆಲುಬನ್ನೂ ಎತ್ತಿ ಬದಿಗಿಟ್ಟರೆ ಉಳಿದದ್ದು ಬರೀ ಮಾಂಸ. ನನ್ನ ಮೊಮ್ಮಗಳು ಮೀನು ತಿನ್ನಲು ಕಲಿತದ್ದು ಇದರಿಂದಲೇ.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜಿಲೇಬಿ ಕೊಳಕು ನೀರಿನಲ್ಲೂ ಬದುಕಬಲ್ಲದು. ಆದ್ದರಿಂದ ಮೀನು ಬದುಕಿದೆ ಎಂದರೆ ನೀರು ಚೆನ್ನಾಗಿದೆ ಎಂದು ತಿಳಿಯಬಾರದು. ಊರಿನ ಚರಂಡಿ, ಕಾರ್ಖಾನೆಯ ನೀರು ಬಂದು ಸೇರುವ ಕೆರೆಗಳ ಮೀನನ್ನು, ಅದು ಯಾವ ಜಾತಿಯದೇ ಇರಲಿ, ಯಾವ ಹುಣಸೆಯೂ ಶುದ್ಧ ಮಾಡಲಾರದು.

ಗುತ್ತಿಗೆ ಹಿಡಿದ ಮೀನುಗಾರರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಬಾರಿ ಬಲೆ ಎಳೆಯುವಾಗ ಜಿಲೇಬಿಗೆಂದು ಬೇರೆ ಬುಟ್ಟಿ ಇಟ್ಟು, ನೆರಳಿನಲ್ಲಿ ಮಂಜುಗಡ್ಡೆ ಹಾಕಿ, ಅಂಗೈಗಿಂತ ದೊಡ್ಡವನ್ನು ಒಂದು ದರಕ್ಕೂ ಚಿಕ್ಕವನ್ನು ಇನ್ನೊಂದು ದರಕ್ಕೂ ಅಂದೇ ದಂಡೆಯ ಮೇಲೆ ಮಾರಬೇಕು. ಕಾಟ್ಲಾದ ಅರ್ಧ ಬೆಲೆಗೆ ಕೊಟ್ಟರೂ ಚೆಲ್ಲುವುದಕ್ಕಿಂತ ಲಾಭವೇ. ಕೆರೆಯಲ್ಲಿ ಅದರ ಕಾಟ ತಗ್ಗಿದರೆ ಬಿತ್ತಿದ ಮರಿಗಳಿಗೂ ಮೇವು ಉಳಿಯುತ್ತದೆ. ಹುರುಪೆ ತೆಗೆದು, ಆ ಕಪ್ಪು ಪೊರೆಯನ್ನೂ ಉಜ್ಜಿ ಕೊಡುವವರೊಬ್ಬರು ಅಲ್ಲೇ ಕುಳಿತರೆ ಇನ್ನೂ ಒಳ್ಳೆಯದು. ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಡಲು ನಮ್ಮಂಥವರು ಹಿಂಜರಿಯುವುದಿಲ್ಲ.

ಇಂತಿ,
ನಿವೃತ್ತ ಶಿಕ್ಷಕ, ಹಾನಗಲ್ಲ ತಾಲ್ಲೂಕು