ಅಮ್ಮನನ್ನು ದಿಯುವರೆಗೆ ಮುಟ್ಟಿಸಿದವರಿಗೆ

ಈ ಡಿಸೆಂಬರ್ 9ಕ್ಕೆ ಅಮ್ಮ ಗುಜರಾತ್ ಕರಾವಳಿಯ ದಿಯುವಿನಲ್ಲಿ ನಿಂತು ಸಮುದ್ರ ನೋಡಿದಳು. ಎಪ್ಪತ್ತು ವರ್ಷದಲ್ಲಿ ಇದೇ ಮೊದಲು. ನೆರವಾದವರಿಗೆಲ್ಲ ಫೋನಿನಲ್ಲೇ ಥ್ಯಾಂಕ್ಸ್ ಹೇಳೋಣ ಅಂದರೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಖುಕ್ರಿಯಲ್ಲಿ ನಾವಿಕರಾಗಿದ್ದರು. ವಯಸ್ಸು 21. 1971ರ ಯುದ್ಧದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದನ್ನು ಹುಡುಕಲು ಖುಕ್ರಿ, ಕಿರ್ಪಾಣ್ ಹಡಗುಗಳನ್ನು ಕಳಿಸಿದ್ದರು. ಡಿಸೆಂಬರ್ 9ರ ರಾತ್ರಿ ಆ ಜಲಾಂತರ್ಗಾಮಿಯೇ, ಹೆಸರು ಹ್ಯಾಂಗೋರ್, ಖುಕ್ರಿಗೆ ಟಾರ್ಪಿಡೊ ಹೊಡೆಯಿತು. ಕೆಲವೇ ನಿಮಿಷ, ಹಡಗು ಇರಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಕರಾಚಿ ದಾಳಿಯ ನೆನಪಿಗೆ ಡಿಸೆಂಬರ್ 4 ನೌಕಾಪಡೆ ದಿನ, ಅದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ 9.

ತಂತಿ ಬಂದ ಮೇಲೂ ಅಜ್ಜಿ ನಂಬಲಿಲ್ಲ. "ಕೆರೆನ ಈ ದಡದಿಂದ ಆ ದಡಕ್ಕೆ ಈಜೋ ಹುಡುಗ, ಎಲ್ಲೋ ದಡ ಹತ್ತಿರ್ತಾನೆ" ಅನ್ನುತ್ತಿದ್ದಳು. ಸಾಯುವವರೆಗೂ ಶ್ರಾದ್ಧ ಮಾಡಲು ಬಿಡಲಿಲ್ಲ. ಆಮೇಲೆ ಅಮ್ಮನೂ ಆ ಮಾತು ಎತ್ತಲಿಲ್ಲ.

ಎತ್ತಿದ್ದು ನಮ್ಮ ತಿಪಟೂರಿನಲ್ಲೇ ಇರುವ ನೌಕಾಪಡೆಯ ನಿವೃತ್ತ ಹಿರಿಯರೊಬ್ಬರು. ಜಗಲಿಯಲ್ಲಿ ಕೂತು, ಹಡಗಿನ ಒಳಗಡೆ ಎಷ್ಟು ಇಕ್ಕಟ್ಟು, ಮೇಲೆ ಬರಲು ಎಷ್ಟು ಹೊತ್ತು ಬೇಕು ಅಂತ ಅಮ್ಮನಿಗೆ ಬಿಡಿಸಿ ಹೇಳಿದರು. "ಈಜು ಬರೋದು ಬರದೇ ಇರೋದು ಅಲ್ಲಿ ಲೆಕ್ಕಕ್ಕೇ ಬರಲ್ಲ ತಾಯಿ" ಅಂದರು. ಅಷ್ಟು ವರ್ಷ ಯಾರೂ ನಮಗೆ ಹೀಗೆ ನೇರವಾಗಿ ಹೇಳಿರಲಿಲ್ಲ. ಸರ್, ಅವತ್ತು ಅಮ್ಮ ನಿಮಗೆ ಕಾಫಿ ಕೊಡೋದನ್ನೂ ಮರೆತಳು. ಬೇಜಾರು ಮಾಡಿಕೊಳ್ಳಬೇಡಿ.

ಟಿಕೆಟ್ ಮಾಡಿಸಿದ ಗೆಳೆಯರಿಗೆ, ಎಂಟು ದಿನ ಹಸು ನೋಡಿಕೊಂಡ ಪಕ್ಕದ ಮನೆಯ ಅಕ್ಕನಿಗೆ ಋಣಿ. ವೆರಾವಲ್‌ನಿಂದ ಕಾರಿನಲ್ಲಿ ಕರೆದೊಯ್ದ ಡ್ರೈವರ್ ಅಣ್ಣನಿಗೂ. ದಿಯುವಿನ ಖುಕ್ರಿ ಸ್ಮಾರಕದ ಹತ್ತಿರ, ಗಾಜಿನೊಳಗಿನ ಹಡಗಿನ ಪುಟ್ಟ ಮಾದರಿಯ ಮುಂದೆ, ಅವರು ಮಾವನ ಹೆಸರೇನು ಅಂತ ಕೇಳಿಕೊಂಡು, ಆ ಹೆಸರು ಹೇಳಿಯೇ ಕೈ ಮುಗಿದರು.

ಹಡಗು ಮುಳುಗಿದ ಜಾಗ ಎಷ್ಟು ದೂರ ಅಂತ ಅಮ್ಮ ಕೇಳಿದಳು. ಸುಮಾರು 40 ನಾಟಿಕಲ್ ಮೈಲಿ, ಅಂದರೆ 74 ಕಿಲೋಮೀಟರ್, ತಿಪಟೂರಿಂದ ತುಮಕೂರಿನಷ್ಟು ಅಂದೆ. "ಅಷ್ಟೇನಾ?" ಅಂದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮನೆಯ ಮರದ ತೆಂಗಿನಕಾಯಿ ತಂದಿದ್ದಳು. ನೀರಿಗೆ ಬಿಟ್ಟರೆ ಅಲೆ ಅದನ್ನು ವಾಪಸ್ ತಂದು ಕಾಲ ಬಳಿ ಹಾಕಿತು. ಮತ್ತೆ ಬಿಟ್ಟಳು, ಮತ್ತೆ ಬಂತು. ದೋಣಿ ಹತ್ತಿರ ಬಲೆ ಬಿಡಿಸುತ್ತಿದ್ದ ಹುಡುಗನೊಬ್ಬ ನೋಡುತ್ತಿದ್ದ. ಎದ್ದು ಬಂದ, ಏನೂ ಕೇಳದೆ ಕಾಯಿ ತೆಗೆದುಕೊಂಡ, ಅಲೆ ದಾಟಿ ಈಜಿಕೊಂಡು ಹೋಗಿ ಬಿಟ್ಟು ಬಂದ. ಇಪ್ಪತ್ತರ ಆಸುಪಾಸಿನವನು. ಹೆಸರು ಕೇಳಲಿಲ್ಲ, ತಪ್ಪಾಯಿತು. ಅವನು ದಡ ಹತ್ತಿ ಬಂದಾಗ ಅಮ್ಮ ಸೆರಗಿನಿಂದ ಅವನ ತಲೆ ಒರೆಸಿದಳು. ಪಾಪ, ನಾಚಿಕೊಂಡರೂ ತಲೆ ಬಗ್ಗಿಸಿ ನಿಂತೇ ಇದ್ದ.