ಎನ್-55 ಬಿಲ್ ಮಾಡಿ 55ಬಿ24ಎಲ್ ಕೂರಿಸಿದ್ದೀರಿ: ಸ್ಟಾರ್ಟ್-ಸ್ಟಾಪ್ ಕಾರಿಗೆ ತಪ್ಪು ಬ್ಯಾಟರಿ ಹಾಕಿದ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಪ್ರತಿ: ಮ್ಯಾನೇಜರ್, ಅಧಿಕೃತ ಸರ್ವಿಸ್ ಸೆಂಟರ್, ಮಂಗಳೂರು

ವಿಷಯ: ಇಎಫ್‌ಬಿ (ಎನ್‌ಹ್ಯಾನ್ಸ್ಡ್ ಫ್ಲಡೆಡ್ ಬ್ಯಾಟರಿ) ಬ್ಯಾಟರಿಯ ಹಣ ಪಡೆದು ಸಾಮಾನ್ಯ ಬ್ಯಾಟರಿ ಅಳವಡಿಸಿರುವುದು ಹಾಗೂ ಫಾಗ್ ಲ್ಯಾಂಪಿನ ಅರ್ತ್ ವೈರನ್ನು ತಪ್ಪು ಜಾಗಕ್ಕೆ ಕೊಟ್ಟಿರುವುದು

ಮಾನ್ಯರೇ,

ನಿಮ್ಮ ಕಂಪನಿಯ 1.2 ಲೀಟರ್ ಪೆಟ್ರೋಲ್, ಮ್ಯಾನ್ಯುವಲ್ ಗೇರಿನ ನನ್ನ ಕಾರಿಗೆ ಮಂಗಳೂರಿನ ಸರ್ವಿಸ್ ಸೆಂಟರ್‌ನಲ್ಲಿ ಹೊಸ ಬ್ಯಾಟರಿ ಹಾಕಿದ್ದಾರೆ. ಅಂದಿನಿಂದ ಸ್ಟಾರ್ಟ್-ಸ್ಟಾಪ್ ಸೌಲಭ್ಯ, ಅಂದರೆ ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು ಹೊರಡುವಾಗ ಮತ್ತೆ ಸ್ಟಾರ್ಟ್ ಆಗುವುದು, ಬಂದ್ ಆಗಿದೆ. ಕೇಳಿದ್ದಕ್ಕೆ ಸರ್ವಿಸ್ ಅಡ್ವೈಸರ್ ಕೊಟ್ಟ ಉತ್ತರ, "ನಮ್ಮ ಊರಿನ ಸೆಕೆಗೆ ಅದೆಲ್ಲ ವರ್ಕ್ ಆಗುವುದಿಲ್ಲ ಸರ್." ಜೊತೆಗೆ, ಆ ಸೌಲಭ್ಯವನ್ನು ಕಾಯಂ ಆಫ್ ಮಾಡಿಡುವ ಒಂದು ಸಣ್ಣ ಮಾಡ್ಯೂಲ್ ಇದೆ, ಬೇಕಿದ್ದರೆ ಹಾಕಿಕೊಡುತ್ತೇವೆ, ಅದಕ್ಕೆ ಬೇರೆ ಚಾರ್ಜ್ ಎಂದೂ ಹೇಳಿದರು. ದುಡ್ಡು ಕೊಟ್ಟು ಕೊಂಡ ಸೌಲಭ್ಯ ಕೆಟ್ಟರೆ ಅದನ್ನು ಶಾಶ್ವತವಾಗಿ ಮುಚ್ಚಿಹಾಕಲು ಇನ್ನಷ್ಟು ದುಡ್ಡು ಕೇಳುವ ಕ್ರಮ ಇಲ್ಲೇ ನೋಡಿದ್ದು.

ಸೆಕೆಯ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಏಪ್ರಿಲ್-ಮೇಯಲ್ಲಿ ಎಸಿ ಪೂರ್ತಿ ಹಾಕಿಕೊಂಡು ಪಂಪ್‌ವೆಲ್‌ನಲ್ಲಿ ನಿಂತರೆ, ಒಳಗೆ ಇನ್ನೂ ತಂಪಾಗದ ಕಾರಣ ಎಂಜಿನ್ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಡಿಫಾಗರ್ ಹಾಕಿದಾಗಲೂ ಅಷ್ಟೆ. ಅದು ಸರಿಯೇ. ಆದರೆ ಜನವರಿಯ ಬೆಳಿಗ್ಗೆ, ಎಸಿ ಆಫ್ ಇದ್ದು, ಎಂಜಿನ್ ಬಿಸಿಯಾದ ಮೇಲೆ, ಪಾಂಡೇಶ್ವರ ರೈಲ್ವೆ ಗೇಟಿನಲ್ಲಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೂ ಎಂಜಿನ್ ಓಡುತ್ತಲೇ ಇದ್ದರೆ ಅದಕ್ಕೆ ಸೆಕೆ ಹೊಣೆಯಲ್ಲ.

ಎಂಜಿನ್ ನಿಲ್ಲಬೇಕಾದರೆ ಕಂಪ್ಯೂಟರ್ ಏನೇನು ನೋಡುತ್ತದೆ ಎಂಬುದು ನಿಮ್ಮ ಮ್ಯಾನ್ಯುವಲ್‌ನಲ್ಲೇ ಇದೆ: ಕೂಲಂಟ್ ಬಿಸಿ, ಸೀಟ್ ಬೆಲ್ಟ್, ಬೊನೆಟ್ ಮುಚ್ಚಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಎಸಿಯ ಬೇಡಿಕೆ, ಬ್ಯಾಟರಿಯ ಚಾರ್ಜ್. ಕರಾವಳಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಬೊನೆಟ್ ಲ್ಯಾಚಿನ ಸ್ವಿಚ್ಚು. ಉಪ್ಪುಗಾಳಿಗೆ ಅದರ ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟಿದರೆ, ಬೊನೆಟ್ ತೆರೆದೇ ಇದೆ ಎಂದು ಕಾರು ತಿಳಿದುಕೊಳ್ಳುತ್ತದೆ. ನಿಮ್ಮವರು ಅದನ್ನೂ ನೋಡಲಿಲ್ಲ. ಹೊರಗಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕನೆಕ್ಟರ್ ಬಿಚ್ಚಿ, ಕ್ಲೀನ್ ಮಾಡಿಸಿ, ಸ್ಕ್ಯಾನರ್ ಹಚ್ಚಿ ಲೈವ್ ಡೇಟಾ ನೋಡಿದ್ದಾಯಿತು. ಬೊನೆಟ್ ಮುಚ್ಚಿದೆ, ಬೆಲ್ಟ್ ಸರಿ, ಕ್ಲಚ್ ಸ್ವಿಚ್ ಸರಿ, ಕೂಲಂಟ್ 88 ಡಿಗ್ರಿ. ತಡೆ ಹಿಡಿದಿರುವುದು ಒಂದೇ ಸಾಲು: ಬ್ಯಾಟರಿಯ ಸ್ಥಿತಿ.

ಬೊನೆಟ್ ಎತ್ತಿ ಬ್ಯಾಟರಿಯ ಮೇಲಿನ ಕವರ್ ಸರಿಸಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ಕಾರಿನ ಜೊತೆ ಬಂದದ್ದು ಎನ್-55, ಅಂದರೆ ಸ್ಟಾರ್ಟ್-ಸ್ಟಾಪ್‌ಗೆಂದೇ ಮಾಡಿದ ಇಎಫ್‌ಬಿ. ನಿಮ್ಮ ಬಿಲ್ಲಿನಲ್ಲಿ ಬರೆದಿರುವುದೂ, ಹಣ ಪಡೆದಿರುವುದೂ ಅದಕ್ಕೇ. ಈಗ ಟ್ರೇಯಲ್ಲಿ ಕೂತಿರುವ ಬ್ಯಾಟರಿಯ ಸ್ಟಿಕ್ಕರ್ ಹೇಳುವುದು 55ಬಿ24ಎಲ್. ಇದನ್ನು ತೋರಿಸಿದಾಗ ಕೌಂಟರಿನಲ್ಲಿ ಬಂದ ಸಮಜಾಯಿಷಿ, "ಎರಡೂ 55 ಅಲ್ಲವಾ?"

ಅಲ್ಲ. 55 ಎನ್ನುವುದು ಆಂಪಿಯರ್-ಅವರ್ ಅಲ್ಲ, ಜಪಾನಿನ ಪದ್ಧತಿಯಲ್ಲಿ ಸಾಮರ್ಥ್ಯದ ದರ್ಜೆ. 55ಬಿ24ಎಲ್ ಎಂಬಲ್ಲಿ ಬಿ ಅಗಲ-ಎತ್ತರದ ವರ್ಗ, 24 ಎಂದರೆ ಸುಮಾರು 24 ಸೆಂಟಿಮೀಟರ್ ಉದ್ದ, ಎಲ್ ಎಂದರೆ ಟರ್ಮಿನಲ್ ಯಾವ ಕಡೆ ಎಂಬ ಗುರುತು. ಇಎಫ್‌ಬಿಯ ಸಾಲಿನಲ್ಲಿ ಇದೇ ಅಳತೆಯ ಡಬ್ಬಕ್ಕೆ ಕೊಟ್ಟ ಅಕ್ಷರ ಎನ್. ಹಾಗಾಗಿ ಎರಡೂ ಒಂದೇ ಟ್ರೇಯಲ್ಲಿ ಕೂರುತ್ತವೆ, ಒಂದೇ ಕ್ಲಾಂಪಿಗೆ ಬಿಗಿಯುತ್ತವೆ, ಮೊದಲ ವಾರ ಒಂದೇ ರೀತಿ ಸ್ಟಾರ್ಟ್ ಕೂಡ ಕೊಡುತ್ತವೆ. ಗ್ರಾಹಕರಿಗೆ ಗೊತ್ತಾಗದೇ ಇರುವುದು ಅದಕ್ಕೇ.

ವ್ಯತ್ಯಾಸ ಇರುವುದು ಒಳಗೆ. ಎಂಜಿನ್ ನಿಂತಿರುವಾಗ ಬ್ಲೋವರ್, ಲೈಟು, ಸ್ಟೀರಿಯೊ ಎಲ್ಲವೂ ಬ್ಯಾಟರಿಯನ್ನೇ ಹೀರುತ್ತವೆ. ಆಮೇಲೆ ಅದೇ ಬ್ಯಾಟರಿ ಎಂಜಿನ್ ತಿರುಗಿಸಬೇಕು, ನಂತೂರಿನಿಂದ ಹಂಪನಕಟ್ಟೆಗೆ ಬರುವಷ್ಟರಲ್ಲಿ ಇದು ಎಷ್ಟೋ ಸಲ. ಜೊತೆಗೆ ನಿಮ್ಮ ಕಾರಿನ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ, ಬ್ಯಾಟರಿಯನ್ನು ಬೇಕೆಂದೇ ಪೂರ್ತಿ ತುಂಬಿಸದೆ, ಸ್ವಲ್ಪ ಜಾಗ ಉಳಿಸಿ ಇಡುತ್ತದೆ. ಬಾವುಟಗುಡ್ಡೆಯಿಂದ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ವೋಲ್ಟೇಜ್ 14ರ ಮೇಲೆ ಹೋಗುತ್ತದೆ, ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕೆಳಗೆ ಬರುತ್ತದೆ. ಇಳಿಜಾರಿನಲ್ಲಿ ಪುಕ್ಕಟೆ ಸಿಗುವ ಕರೆಂಟನ್ನು ಹಿಡಿದಿಡಬೇಕಾದರೆ ಬ್ಯಾಟರಿ ಬೇಗ ಚಾರ್ಜ್ ಎಳೆದುಕೊಳ್ಳುವಂಥದ್ದಾಗಿರಬೇಕು. ಇಎಫ್‌ಬಿಯಲ್ಲಿ ಪಾಸಿಟಿವ್ ಪ್ಲೇಟಿನ ಮೇಲೆ ಪಾಲಿಯೆಸ್ಟರ್ ಪದರ ಇದ್ದು ಸೀಸದ ಪೇಸ್ಟ್ ಉದುರದಂತೆ ಹಿಡಿಯುತ್ತದೆ. ಕಾರ್ಬನ್ ಸೇರಿಸಿರುವುದರಿಂದ ಚಾರ್ಜ್ ಬೇಗ ಹೀರುತ್ತದೆ. ಸಾಮಾನ್ಯ ಬ್ಯಾಟರಿಯನ್ನು ಹೀಗೆ ಅರೆಹೊಟ್ಟೆಯಲ್ಲಿ ಓಡಿಸಿದರೆ ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಹಿಡಿಯುತ್ತದೆ, ಕೆಳಗಡೆ ಆ್ಯಸಿಡ್ ದಟ್ಟವಾಗಿ ಮೇಲೆ ತೆಳುವಾಗುತ್ತದೆ. ಹೀಗಾಗಿ ಬಟನ್ ಒತ್ತಿ ಸ್ಟಾರ್ಟ್-ಸ್ಟಾಪ್ ಆಫ್ ಮಾಡಿಕೊಂಡರೂ ಸಮಸ್ಯೆ ತಪ್ಪುವುದಿಲ್ಲ, ಆಲ್ಟರ್ನೇಟರಿನ ಲೆಕ್ಕಾಚಾರ ಆಫ್ ಆಗುವುದಿಲ್ಲವಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಹಿಡಿದರೆ ಆರೋಗ್ಯವಂತ, ತುಂಬಿದ ಬ್ಯಾಟರಿ 12.6 ವೋಲ್ಟ್‌ಗಿಂತ ಕಡಿಮೆ ತೋರಿಸಬಾರದು. ನಿಮ್ಮ ಹೊಸ ಬ್ಯಾಟರಿ ತೋರಿಸುವುದು 12.2, ಅಂದರೆ ಹೆಚ್ಚುಕಡಿಮೆ ಅರ್ಧ ಚಾರ್ಜ್.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ, ಮತ್ತು ನನಗೆ ಇದೇ ಹೆಚ್ಚು ಸಿಟ್ಟು ತರಿಸಿದ್ದು. ಅದೇ ಸರ್ವಿಸ್‌ನಲ್ಲಿ ನಿಮ್ಮ ಆಕ್ಸೆಸರಿ ವಿಭಾಗದವರು ಫಾಗ್ ಲ್ಯಾಂಪ್ ಹಾಕಿದ್ದಾರೆ. ಅದರ ಕಪ್ಪು ಅರ್ತ್ ವೈರಿಗೆ ರಿಂಗ್ ಹೊಡೆದು, ನೇರವಾಗಿ ಬ್ಯಾಟರಿಯ ನೆಗೆಟಿವ್ ತಲೆಗೇ ಬಿಗಿದಿದ್ದಾರೆ. ಆ ತಲೆಯ ಮೇಲೆ ಕೂತಿರುವ ಚಿಕ್ಕ ಕಪ್ಪು ಪೆಟ್ಟಿಗೆ ಬರೀ ಕ್ಲಾಂಪ್ ಅಲ್ಲ, ಬ್ಯಾಟರಿ ಸೆನ್ಸರ್. ಬ್ಯಾಟರಿ ಮತ್ತು ಬಾಡಿ ನಡುವೆ ಹೋಗಿ ಬರುವ ಕರೆಂಟನ್ನೆಲ್ಲ ಅದು ಅಳೆಯುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬು ಸುಮಾರು 8 ಆಂಪಿಯರ್ ಎಳೆಯುತ್ತವೆ. ಎಂಜಿನ್ ಓಡುವಾಗ ಆ ಕರೆಂಟು ಆಲ್ಟರ್ನೇಟರ್‌ನಿಂದ ಹೊರಟು, ಬಲ್ಬು ದಾಟಿ, ನೆಗೆಟಿವ್ ತಲೆಗೆ ಬಂದು, ಅಲ್ಲಿಂದ ಸೆನ್ಸರ್ ಮೂಲಕ ಬಾಡಿಗೆ ವಾಪಸ್ಸಾಗುತ್ತದೆ. ಚಾರ್ಜಿಂಗ್ ಕರೆಂಟ್ ಹರಿಯುವ ದಿಕ್ಕೂ ಇದೇ. ಹಾಗಾಗಿ ಲ್ಯಾಂಪು ತಿಂದದ್ದನ್ನು ಸೆನ್ಸರ್ ಬ್ಯಾಟರಿಗೆ ತುಂಬಿದ್ದು ಎಂದು ಬರೆದುಕೊಳ್ಳುತ್ತದೆ! ಎಂಜಿನ್ ನಿಂತಾಗ ಲ್ಯಾಂಪು ಉರಿದರೆ ಆ ಖರ್ಚು ಅದರ ಲೆಕ್ಕಕ್ಕೇ ಬರುವುದಿಲ್ಲ. ಕಾರು ನಿಂತೇ ಇದ್ದು ಸೆನ್ಸರ್ ವೋಲ್ಟೇಜ್ ನೋಡಿ ಲೆಕ್ಕ ತಿದ್ದಿಕೊಂಡಾಗ ಮಾತ್ರ ನಿಜ ಹೊರಗೆ ಬರುತ್ತದೆ. ಇವತ್ತು ದುರ್ಬಲ ಬ್ಯಾಟರಿಯಿಂದಾಗಿ ಎಂಜಿನ್ ನಿಲ್ಲುತ್ತಲೇ ಇಲ್ಲ. ನಾಳೆ ಸರಿಯಾದ ಬ್ಯಾಟರಿ ಹಾಕಿ ಈ ವೈರನ್ನು ಹಾಗೇ ಬಿಟ್ಟರೆ, ಮಳೆಯ ರಾತ್ರಿ ಚಾರ್ಜ್ ಇಳಿದಿದ್ದರೂ ಎಂಜಿನ್ ನಿಂತು, ಹೆದ್ದಾರಿ 66ರ ಜಂಕ್ಷನ್ನಿನಲ್ಲಿ ಮತ್ತೆ ಸ್ಟಾರ್ಟ್ ಆಗದೆ ಕೂರಬಹುದು. ಅರ್ತ್ ಹೋಗಬೇಕಾದ್ದು ಬಾಡಿಯ ಬೋಲ್ಟಿಗೆ, ಪೇಂಟ್ ಕೆರೆದು, ಮೇಲೆ ಗ್ರೀಸ್ ಹಚ್ಚಿ.

ಪೆಟ್ರೋಲ್ ನಷ್ಟದ ವಿಚಾರ ಉತ್ಪ್ರೇಕ್ಷೆ ಮಾಡುವುದಿಲ್ಲ. ಈ ಅಳತೆಯ ಎಂಜಿನ್ ಎಸಿ ಇಲ್ಲದೆ ಐಡ್ಲಿಂಗ್‌ನಲ್ಲಿ ಗಂಟೆಗೆ ಕುಡಿಯುವುದು ಅರ್ಧದಿಂದ ಮುಕ್ಕಾಲು ಲೀಟರ್. ದಿನಕ್ಕೆ ಹತ್ತು ನಿಮಿಷ ಸಿಗ್ನಲ್‌ನಲ್ಲಿ ನಿಂತರೆ ನೂರು ಮಿಲಿಲೀಟರ್ ಆಸುಪಾಸು. ಸ್ಟಾರ್ಟ್-ಸ್ಟಾಪ್ ತಂತ್ರ ಹೊಸದೂ ಅಲ್ಲ, 1980ರ ದಶಕದಲ್ಲೇ ಫೋಕ್ಸ್‌ವ್ಯಾಗನ್ ಪೋಲೋದ ಫಾರ್ಮೆಲ್ ಇ ಮಾದರಿಯಲ್ಲಿತ್ತು. ನನ್ನ ತಕರಾರು ಆ ನೂರು ಮಿಲಿಲೀಟರಿನದಲ್ಲ. ಒಂದು ಸರಕಿನ ಬಿಲ್ ಮಾಡಿ ಇನ್ನೊಂದು ಸರಕು ಕೊಟ್ಟದ್ದರದ್ದು, ಸಿಕ್ಕಿಬಿದ್ದಾಗ ಊರಿನ ಹವೆಯನ್ನು ದೂರಿದ್ದರದ್ದು. ವಾರಂಟಿ ಕಾರ್ಡಿನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ತುಂಬಿ, ವಾಹನದ ಮಾದರಿ ಬರೆಯುವ ಗೆರೆಯನ್ನು ಖಾಲಿ ಬಿಟ್ಟಿರುವುದು ಕೈತಪ್ಪು ಎಂದು ನಂಬುವುದು ಕಷ್ಟ. ಹಳೆಯ ಬ್ಯಾಟರಿಯನ್ನು ಇಟ್ಟುಕೊಂಡಿದ್ದೀರಿ, ಅದರ ಬೆಲೆ ಬಿಲ್ಲಿನಲ್ಲಿ ಕಳೆದಿಲ್ಲ.

ಈಗ ಆಗಬೇಕಾದ್ದು ಇಷ್ಟು. ಈ ಬ್ಯಾಟರಿ ತೆಗೆದು ಬಿಲ್ಲಿನಲ್ಲಿರುವ ಎನ್-55 ಇಎಫ್‌ಬಿಯನ್ನೇ ನನ್ನ ಎದುರು ಹಾಕಬೇಕು. ಹೊಸ ಹಣ ಕೊಡುವುದಿಲ್ಲ. ತಯಾರಾದ ತಿಂಗಳಿನ ಕೋಡ್ ನೋಡದೆ ತೆಗೆದುಕೊಳ್ಳುವುದಿಲ್ಲ, ಶೆಲ್ಫಿನಲ್ಲಿ ವರ್ಷ ಕಳೆದ ಬ್ಯಾಟರಿಯೂ ಬೇಡ. ಫಾಗ್ ಲ್ಯಾಂಪಿನ ಅರ್ತ್ ಬಾಡಿಗೆ ಹೋಗಬೇಕು. ಹೊಸ ಬ್ಯಾಟರಿ ಹಾಕಿದ್ದನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರಿಗೆ ದಾಖಲಿಸಿ, ಅದರ ಪ್ರಿಂಟ್ ಕೊಡಬೇಕು. ಸೆನ್ಸರ್ ಹೊಸ ಬ್ಯಾಟರಿಯನ್ನು ಅರಿತುಕೊಳ್ಳಲು ಕಾರು ಲಾಕ್ ಆಗಿ ಕೆಲವು ಗಂಟೆ ಅಲುಗಾಡದೆ ನಿಲ್ಲಬೇಕು, ಹಾಗಾಗಿ ಸಂಜೆ ಬಿಟ್ಟು ಬೆಳಿಗ್ಗೆ ಒಯ್ಯಲು ನನ್ನ ಅಭ್ಯಂತರವಿಲ್ಲ. ಹಳೆಯ ಬ್ಯಾಟರಿಯ ಬೆಲೆ ವಾಪಸ್ ಆಗಬೇಕು. ಇದೇ ಸ್ಟಾಕಿನಿಂದ 55ಬಿ24ಎಲ್ ಹಾಕಿಸಿಕೊಂಡ ಬೇರೆ ಸ್ಟಾರ್ಟ್-ಸ್ಟಾಪ್ ಕಾರುಗಳ ಜಾಬ್ ಕಾರ್ಡ್ ತೆಗೆದು ಅವರಿಗೂ ಫೋನ್ ಮಾಡಿ. ನಿಮ್ಮಲ್ಲಿ ನಂಬರ್ ಇದ್ದೇ ಇರುತ್ತದೆ.

ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಲಗತ್ತುಗಳು: ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ, ಬ್ಯಾಟರಿ ಸ್ಟಿಕ್ಕರಿನ ಫೋಟೊ, ನೆಗೆಟಿವ್ ತಲೆಗೆ ಬಿಗಿದ ವೈರಿನ ಫೋಟೊ, ಲೈವ್ ಡೇಟಾದ ಪ್ರಿಂಟ್, ಅರ್ಧ ತುಂಬಿದ ವಾರಂಟಿ ಕಾರ್ಡ್. ಬ್ಯಾಟರಿಯನ್ನು ನಾನಾಗಿ ಬಿಚ್ಚಿಲ್ಲ, ನಿಮ್ಮವರು ಬಿಗಿದ ಸ್ಥಿತಿಯಲ್ಲೇ ಇದೆ. ಪರೀಕ್ಷೆಗೆ ಬರುವವರು ಮುಂಚಿತವಾಗಿ ತಿಳಿಸಿ ಬರಲಿ.

ಇಂತಿ,
ನಿಮ್ಮ ಗ್ರಾಹಕ
ಮಂಗಳೂರು