ಕಬ್ಬಿನ ಊರಿನ ತಂಡಕ್ಕೂ ಅರ್ಧ ಕಾಲಂ ಕೊಡಿ

ಸಂಪಾದಕರಿಗೆ ನಮಸ್ಕಾರ.

ವಿಶ್ವಕಪ್ ಹತ್ತಿರ ಬಂತು ಅಂತ ನಿಮ್ಮ ಕ್ರೀಡಾ ಪುಟದಲ್ಲಿ ಮೆಕ್ಸಿಕೋ ಫುಟ್‌ಬಾಲ್ ಬಗ್ಗೆ ದೊಡ್ಡ ಲೇಖನ ಹಾಕಿದ್ದಿರಿ. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. 1970, 1986, ಈಗ 2026, ಮೂರು ವಿಶ್ವಕಪ್ ಕಂಡ ಒಂದೇ ಒಂದು ಸ್ಟೇಡಿಯಂ ಮೆಕ್ಸಿಕೋ ಸಿಟಿಯ ಅಸ್ತೆಕಾ ಅಂತ ಬರೆದಿದ್ದು ನಿಜವೇ. ಆದರೆ ಓದಿ ಮುಗಿಸಿದಾಗ ಮೆಕ್ಸಿಕೋ ಫುಟ್‌ಬಾಲ್ ಅಂದರೆ ಅಸ್ತೆಕಾ, ಅದರ ಸುತ್ತ ಇರುವ ನಾಲ್ಕು ಶ್ರೀಮಂತ ಕ್ಲಬ್‌ಗಳು, ಅಷ್ಟೇ ಅನ್ನುವ ಹಾಗಾಯಿತು. ಅಸ್ತೆಕಾ ಬಾಗಿಲು ತೆರೆದದ್ದು 1966ರಲ್ಲಿ ಅಲ್ವಾ? ಅದಕ್ಕೂ 11 ವರ್ಷ ಮೊದಲೇ ಒಂದು ಸಕ್ಕರೆ ಕಾರ್ಖಾನೆಯ ತಂಡ ಇಡೀ ದೇಶಕ್ಕೆ ಚಾಂಪಿಯನ್ ಆಗಿತ್ತು. ಸಕಾಟೆಪೆಕ್ ಅಂತ ಅದರ ಹೆಸರು. ಅದರ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಕಬ್ಬಿನ ಗದ್ದೆ ನೋಡಿಕೊಂಡೇ ಬೆಳೆದವನು. ಈ ತಂಡದ ಅಡ್ಡಹೆಸರು ಕಾನ್ಯೆರೋಸ್, ಅಂದರೆ ಕಬ್ಬಿನವರು, ಅಂತ ಓದಿದ ದಿನವೇ ಅದರ ಹಿಂದೆ ಬಿದ್ದೆ. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ.

ಸಕಾಟೆಪೆಕ್ ಇರುವುದು ಮೆಕ್ಸಿಕೋ ಸಿಟಿಯ ದಕ್ಷಿಣಕ್ಕೆ, ಮೊರೆಲೋಸ್ ರಾಜ್ಯದಲ್ಲಿ. ಮೆಕ್ಸಿಕೋ ಕ್ರಾಂತಿಯ ರೈತ ನಾಯಕ ಎಮಿಲಿಯಾನೊ ಸಪಾಟಾ ಹುಟ್ಟಿದ್ದೂ ಸತ್ತಿದ್ದೂ ಇದೇ ರಾಜ್ಯದಲ್ಲಿ. ಸಕ್ಕರೆ ಜಮೀನ್ದಾರರು ಹಳ್ಳಿಯವರ ನೆಲ ನುಂಗಿದರು ಅನ್ನುವ ಸಿಟ್ಟಿನಿಂದಲೇ ಅವನು ಬಂದೂಕು ಹಿಡಿದದ್ದು. ಅವನನ್ನು ಕೊಂದದ್ದು 1919ರಲ್ಲಿ. 1938ರಲ್ಲಿ ಅಧ್ಯಕ್ಷ ಲಾಸರೋ ಕಾರ್ಡೆನಾಸ್ ಇದೇ ಊರಿನಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ ಶುರು ಮಾಡಿದರು, ರೈತರದ್ದೂ ಕಾರ್ಮಿಕರದ್ದೂ ಸೇರಿ ಒಂದು ಸಹಕಾರ ಸಂಘ, ಅದಕ್ಕೆ ಸಪಾಟಾನ ಹೆಸರು. ಹೆಸರೇನೋ ದೊಡ್ಡದೇ. ಒಳಗೆ ಜಗಳಗಳೂ ಅಷ್ಟೇ ದೊಡ್ಡವು. ಕಾರ್ಖಾನೆ ಬೇಕು ಅಂತ ಓಡಾಡಿದ ರೈತ ನಾಯಕ ರೂಬೆನ್ ಹರಮಿಯೋ ಮುಂದೆ ಅಲ್ಲಿನ ಆಡಳಿತದ ವಿರುದ್ಧವೇ ಮುಷ್ಕರಕ್ಕೆ ನಿಂತ. ಕೊನೆಗೆ 1962ರ ಮೇ ತಿಂಗಳಲ್ಲಿ ಸೈನಿಕರು ಅವನನ್ನು, ಗರ್ಭಿಣಿ ಹೆಂಡತಿಯನ್ನು, ಮಕ್ಕಳನ್ನು ಮನೆಯಿಂದ ಎಳೆದುಕೊಂಡು ಹೋಗಿ ಕೊಂದರು. ಫುಟ್‌ಬಾಲ್ ಪತ್ರದಲ್ಲಿ ಇದೆಲ್ಲ ಯಾಕೆ ಅಂದರೆ, ತಂಡ ಇದ್ದದ್ದೇ ಆ ಕಾರ್ಖಾನೆಯ ನೆರಳಿನಲ್ಲಿ. ಎರಡನ್ನೂ ಬೇರೆ ಮಾಡಿ ಹೇಳೋಕೆ ಆಗಲ್ಲ.

ಆ ಕಾಲಕ್ಕೆ ಅಲ್ಲಿ ಕಾರ್ಖಾನೆಗೊಂದು ತಂಡ ಅನ್ನುವುದು ಮಾಮೂಲಿ. ನೆಕಾಕ್ಸಾ ಕರೆಂಟ್ ಕಂಪನಿಯವರ ತಂಡ, ಕ್ರೂಸ್ ಅಸೂಲ್ ಸಿಮೆಂಟ್ ಕಾರ್ಖಾನೆಯವರದ್ದು.

ಈಗ ಮುಖ್ಯ ವಿಷಯ. ಮೆಕ್ಸಿಕೋದಲ್ಲಿ ಎರಡನೇ ಡಿವಿಷನ್ ಶುರುವಾದದ್ದು 1950ರಲ್ಲಿ. 1950-51ರ ಆ ಮೊಟ್ಟಮೊದಲ ವರ್ಷವೇ ಅದನ್ನು ಗೆದ್ದು ಮೇಲೆ ಹತ್ತಿದ ತಂಡ ಸಕಾಟೆಪೆಕ್. ಅಂದರೆ ಆ ದೇಶದಲ್ಲಿ ಕೆಳಗಿನಿಂದ ಮೇಲೆ ಹೋಗಲು ಏಣಿ ಅಂತ ಇಟ್ಟಾಗ, ಎರಡನೇ ಡಿವಿಷನ್ ಗೆದ್ದು ಅದರ ಮೇಲೆ ಮೊದಲು ಕಾಲಿಟ್ಟವರು ಇವರು. ಸುಮ್ನೆ ಹತ್ತಿ ಕೂರಲಿಲ್ಲ. ನಾಲ್ಕೇ ವರ್ಷಕ್ಕೆ, 1954-55ರಲ್ಲಿ, ಮೇಲಿನ ಲೀಗನ್ನೇ ಗೆದ್ದರು. 1957-58ರಲ್ಲಿ ಮತ್ತೊಮ್ಮೆ. ನಡುವೆ, ಆಮೇಲೆ, ಎರಡು ಸಲ ಮೆಕ್ಸಿಕೋ ಕಪ್ ಕೂಡ.

ಎರಡೂ ಲೀಗ್ ಗೆದ್ದಾಗ ಕೋಚ್ ಇಗ್ನಾಸಿಯೋ ಟ್ರೆಯೆಸ್. ತಲೆ ಮೇಲೆ ಸದಾ ಒಂದು ಟೋಪಿ ಇರುತ್ತಿದ್ದ ಮನುಷ್ಯ. ಒಟ್ಟು ಏಳು ಲೀಗ್ ಗೆದ್ದವರು. 1962ರ ವಿಶ್ವಕಪ್‌ನಲ್ಲಿ ಮೆಕ್ಸಿಕೋ ತಂಡಕ್ಕೆ ಇವರೇ ಕೋಚ್. ಮೆಕ್ಸಿಕೋ ವಿಶ್ವಕಪ್‌ನಲ್ಲಿ ಮೊದಲ ಸಲ ಒಂದು ಪಂದ್ಯ ಗೆದ್ದದ್ದು ಆಗಲೇ, ಚೆಕೊಸ್ಲೊವಾಕಿಯಾ ವಿರುದ್ಧ 3-1. ನಿಮ್ಮ ಲೇಖನದಲ್ಲಿ ಈ ಗೆಲುವು ಇದೆ, ಟ್ರೆಯೆಸ್ ಇಲ್ಲ. ಇದೊಂದು ನನಗೆ ನಿಜವಾಗಲೂ ಬೇಜಾರಾಯಿತು.

ಸ್ಟೇಡಿಯಂ ಬಗ್ಗೆ ಹೇಳದಿದ್ದರೆ ಸಮಾಧಾನ ಇಲ್ಲ. ಆಗುಸ್ತಿನ್ ಡಿಯಾಸ್ ಅನ್ನುವ ಆಟಗಾರನ ಹೆಸರು ಅದಕ್ಕೆ, ಎಲ್ಲರೂ ಕರೆಯುವುದು 'ಕೊರೂಕೊ ಡಿಯಾಸ್' ಅಂತ. ಮೆಕ್ಸಿಕೋದ ಹಳ್ಳಿಗಳಲ್ಲಿ ಕೊರೂಕೊ ಅಂದರೆ ಕೋಳಿ ಹೇನು! ಅಸ್ತೆಕಾ ಅನ್ನುವ ಸಾಮ್ರಾಜ್ಯದ ಹೆಸರು ಒಂದು ಕಡೆ, ಕೋಳಿ ಹೇನು ಇನ್ನೊಂದು ಕಡೆ. ನನಗಂತೂ ಎರಡನೆಯದೇ ಇಷ್ಟ. ಅಭಿಮಾನಿಗಳು ಈ ಸ್ಟೇಡಿಯಂಗೆ ಇಟ್ಟ ಇನ್ನೊಂದು ಹೆಸರು 'ಕಬ್ಬಿನ ಕಾಡು'. ಮೆಕ್ಸಿಕೋ ಸಿಟಿ 2,240 ಮೀಟರ್ ಎತ್ತರದಲ್ಲಿದೆ, ತಂಪು. ಸಕಾಟೆಪೆಕ್ ಸುಮಾರು 900 ಮೀಟರ್, ಬಿಸಿಲು ಅಂದರೆ ಬಿಸಿಲು. ರಾಜಧಾನಿಯ ತಂಡಗಳು ಇಳಿದು ಬಂದು ನಡುಮಧ್ಯಾಹ್ನ ಆಡಬೇಕು. ಪಂದ್ಯಕ್ಕೆ ಮುಂಚೆ, ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ, ಊರಿನವರು ಹುಲ್ಲಿಗೆ ನೀರು ಬಿಡುತ್ತಿದ್ದರು ಅನ್ನುವ ಮಾತಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ನೆಲದಿಂದ ಹಬೆ ಏಳುತ್ತದೆ. ಹೊರಗಿನವರಿಗೆ ಅರ್ಧ ಗಂಟೆಗೆ ಉಸಿರು ಕಟ್ಟುತ್ತದೆ, ಇವರಿಗೆ ಅದು ದಿನದ ಪಾಡು. ಇನ್ನು ಕಬ್ಬು ಕಡಿಯುವ ಮೊದಲು ಅಲ್ಲಿ ಗದ್ದೆಗೇ ಬೆಂಕಿ ಹಾಕಿ ತರಗು ಸುಡುತ್ತಾರೆ. ಹಂಗಾಮಿನಲ್ಲಿ ಕರೀ ಬೂದಿ ಗಾಳಿಯಲ್ಲಿ ತೇಲಿ ಬಂದು ಒಗೆದು ಹಾಕಿದ ಬಟ್ಟೆ ಮೇಲೆ, ಅಂಗಳದ ಮೇಲೆ ಬೀಳುತ್ತದೆ. ತಂಡದ ಬಣ್ಣ ಹಸಿರು, ಬಿಳಿ. ಆ ಬಿಳಿ ಎಷ್ಟು ಹೊತ್ತು ಬಿಳಿಯಾಗಿ ಇರುತ್ತಿತ್ತೋ.

ಅರವತ್ತರ ದಶಕದಿಂದ ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ಮೇಲಿನ ಡಿವಿಷನ್‌ನಲ್ಲಿ ಕೊನೆಯ ಸಲ ಕಂಡದ್ದು 1984-85ರಲ್ಲಿ. ಆಮೇಲಿನದು ಪೂರಾ ಕೆಳಗಿನ ಡಿವಿಷನ್‌ಗಳ ಕಥೆ.

ಇಲ್ಲಿ ನಮ್ಮ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಮೆಕ್ಸಿಕೋದಲ್ಲಿ ಲೀಗಿನಲ್ಲಿ ಆಡುವ ಜಾಗ ಅನ್ನುವುದು ಕೊಂಡು ಮಾರುವ ವಸ್ತು. ಫ್ರಾಂಚೈಸಿ ಅನ್ನುತ್ತಾರೆ. ಮಾಲೀಕನಿಗೆ ಬೇಕೆನಿಸಿದರೆ ಅದನ್ನು ಹೊತ್ತುಕೊಂಡು ಇನ್ನೊಂದು ಊರಿಗೆ ಹೋಗಿ, ಹೆಸರು ಬದಲಿಸಿ, ಬೇರೆ ಬಣ್ಣದ ಜರ್ಸಿ ಹಾಕಿಸಿ ಆಡಿಸಬಹುದು. 2013ರಲ್ಲಿ ಚಿಯಾಪಸ್‌ನ ತಂಡ ಕೆರೆಟಾರೋಗೆ ಹೋಯಿತು, ಖಾಲಿಯಾದ ಚಿಯಾಪಸ್‌ಗೆ ಸಾನ್ ಲೂಯಿಸ್‌ನ ತಂಡ ಬಂತು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರಿಗೂ ಇದಕ್ಕಿಂತ ಜಾಸ್ತಿ ನಾಚಿಕೆ ಇರುತ್ತದೆ. ಸಕಾಟೆಪೆಕ್‌ನಲ್ಲೂ ಹೀಗೇ ಬೇರೆ ಬೇರೆ ಊರಿನ ಫ್ರಾಂಚೈಸಿಗಳು ಬಂದು ಆ ಹಳೇ ಹೆಸರನ್ನು ತೊಟ್ಟುಕೊಂಡು ಆಡಿ ಹೋದವು. ಜನ ಪ್ರತಿ ಸಲವೂ ಹಸಿರು ಬಾವುಟ ಹಿಡಿದು ಬಂದರು.

2020ರಲ್ಲಿ ಏನಾಯಿತು ನೋಡಿ. ಮಾರ್ಚ್‌ನಲ್ಲಿ ಟ್ರೆಯೆಸ್ ತೀರಿಕೊಂಡರು, 103 ವರ್ಷ. ಏಪ್ರಿಲ್‌ನಲ್ಲಿ ಲೀಗಿನವರು ಕೆಳಗಿನಿಂದ ಮೇಲೆ ಹೋಗುವ, ಮೇಲಿನಿಂದ ಕೆಳಗೆ ಬರುವ ಪದ್ಧತಿಯನ್ನೇ ನಿಲ್ಲಿಸಿಬಿಟ್ಟರು. ಕೊರೋನಾ, ಕೆಳಗಿನ ಕ್ಲಬ್‌ಗಳಲ್ಲಿ ದುಡ್ಡಿಲ್ಲ, ಇತ್ಯಾದಿ ಕಾರಣ ಕೊಟ್ಟರು. ಜೂನ್‌ನಲ್ಲಿ ಮೊರೇಲಿಯಾದ (ಮೊರೆಲೋಸ್ ಅಲ್ಲ, ಬೇರೆ ರಾಜ್ಯದ ಊರು) ದೊಡ್ಡ ತಂಡವನ್ನು ಮಸಾಟ್ಲಾನ್ ಅನ್ನುವ ಸಮುದ್ರದ ಊರಿಗೆ ಸಾಗಿಸಿದರು, ಅಲ್ಲಿ ಹೊಸ ಸ್ಟೇಡಿಯಂ ರೆಡಿಯಾಗುತ್ತಿತ್ತು. ಮೊರೇಲಿಯಾದ ಜನ ಬೀದಿಗಿಳಿದರು. ಅವರನ್ನು ಸಮಾಧಾನ ಮಾಡಬೇಕಲ್ಲ? ಸಕಾಟೆಪೆಕ್‌ನ ಜಾಗವನ್ನು ಎತ್ತಿ ಮೊರೇಲಿಯಾಗೆ ಕೊಟ್ಟರು. ಅದೇ ಈಗಿನ ಅಟ್ಲೆಟಿಕೋ ಮೊರೇಲಿಯಾ. ದೊಡ್ಡ ಊರಿನ ಗಾಯಕ್ಕೆ ಸಣ್ಣ ಊರಿನ ಚರ್ಮ. ಏಣಿಯನ್ನು ಮೊದಲು ಹತ್ತಿದ ತಂಡ, ಏಣಿ ತೆಗೆದ ವರ್ಷವೇ ಹೋಯಿತು.

ಸೋತು ಮುಳುಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸೋತವರು ಇನ್ನೂ ಕೆಳಗಿನ ಡಿವಿಷನ್‌ಗೆ ಹೋಗಿ ಆಡುತ್ತಾರೆ, ಅದರಲ್ಲೇನಿದೆ. ಇದು ಆಟದ ಹೊರಗೆ, ಕಾಗದದ ಮೇಲೆ ನಡೆದದ್ದು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಜೂನ್ 11ಕ್ಕೆ ಅಸ್ತೆಕಾದಲ್ಲಿ ಉದ್ಘಾಟನಾ ಪಂದ್ಯ ಇದೆ, ಆ ದಿನ ಹೇಗೂ ವಿಶೇಷ ಪುಟ ಮಾಡುತ್ತೀರಿ. ಅದರಲ್ಲಿ ಅರ್ಧ ಕಾಲಂ ಈ ಕಬ್ಬಿನವರಿಗೆ ಕೊಡಿ. ಫೋಟೋ ಹಾಕುವುದಾದರೆ ಟೋಪಿ ಹಾಕಿರುವ ಟ್ರೆಯೆಸ್ ಅವರದ್ದು ಹಾಕಿ. ಕೋಳಿ ಹೇನಿನ ವಿಷಯ ಮಾತ್ರ ದಯವಿಟ್ಟು ಕತ್ತರಿಸಬೇಡಿ.

ಇತಿ,
ನಿಮ್ಮ ಹಳೇ ಓದುಗ, ಮಂಡ್ಯ